ತಣ್ಣೀರಿನ ಹರಿವು ಕುಗ್ಗಿದಾಗ ಅಡಚಣೆ ಎಲ್ಲಿದೆಯೆಂದು ಪತ್ತೆ ಹಚ್ಚುವ ಕ್ರಮ

ನಲ್ಲಿಯನ್ನು ಪೂರ್ತಿ ತಿರುಗಿಸಿದರೂ ತಣ್ಣೀರು ಸಣ್ಣ ಧಾರೆಯಾಗಿ ಬರತೊಡಗಿದಾಗ ಬಹಳಷ್ಟು ಮನೆಗಳಲ್ಲಿ ಮೊದಲು ನಲ್ಲಿಯನ್ನೇ ಬದಲಾಯಿಸುತ್ತಾರೆ, ಅದರಿಂದ ಗುಣ ಕಾಣದಿದ್ದರೆ ಪಂಪು ಕೂರಿಸುತ್ತಾರೆ. ಎರಡಕ್ಕೂ ಖರ್ಚಿದೆ, ಆದರೆ ತೊಂದರೆ ಎಲ್ಲಿದೆ ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ. ನೀರು ಹೊರಡುವ ಜಾಗದಿಂದ ನಲ್ಲಿಯ ಬಾಯಿಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಿಂಡಿ ಕಿರಿದಾಗಿರುತ್ತದೆ, ಇಲ್ಲವೇ ನೀರನ್ನು ತಳ್ಳುವ ಒತ್ತಡವೇ ಸಾಲದಾಗಿರುತ್ತದೆ. ಇವೆರಡರಲ್ಲಿ ಯಾವುದು, ಯಾವ ಜಾಗದಲ್ಲಿ ಎಂಬುದನ್ನು ಒಂದು ಬಕೆಟ್, ಒಂದು ಗಡಿಯಾರ ಮತ್ತು ಸ್ವಲ್ಪ ತಾಳ್ಮೆಯಿಂದ ಬಹುಮಟ್ಟಿಗೆ ಕಂಡುಕೊಳ್ಳಬಹುದು. ಅದು ಗೊತ್ತಾಗುವವರೆಗೆ ಗೋಡೆ ಒಡೆಯಬಾರದು, ಹೊಸ ಸಾಮಾನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒತ್ತಡ ಬೇರೆ, ಹರಿವು ಬೇರೆ

ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಾಗ ನೀರು ಬಲವಾಗಿ ಚಿಮ್ಮಿದರೆ "ಒತ್ತಡ ಚೆನ್ನಾಗಿಯೇ ಇದೆ, ಪೈಪಿನಲ್ಲಿ ತೊಂದರೆಯಿಲ್ಲ" ಎಂದು ತೀರ್ಮಾನಿಸುವವರಿದ್ದಾರೆ. ಈ ಪರೀಕ್ಷೆಯನ್ನು ನಂಬಲಾಗದು. ನೀರು ನಿಂತಿರುವಾಗ ಅಡಚಣೆಯ ಎರಡೂ ಬದಿಯಲ್ಲಿ ಒತ್ತಡ ಸಮನಾಗಿಬಿಡುತ್ತದೆ. ಪೈಪಿನೊಳಗೆ ಸೂಜಿ ತೂರುವಷ್ಟು ಕಿಂಡಿ ಮಾತ್ರ ಉಳಿದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಅದರಾಚೆಗೆ ಪೂರ್ಣ ಒತ್ತಡ ಬಂದು ನಿಲ್ಲುತ್ತದೆ. ನೀರು ಹರಿಯತೊಡಗಿದ ಮೇಲಷ್ಟೇ ಆ ಕಿಂಡಿಯ ಬಳಿ ಒತ್ತಡ ಖರ್ಚಾಗಿ ನಲ್ಲಿಯಲ್ಲಿ ಧಾರೆ ಸೊರಗುತ್ತದೆ. ಆದ್ದರಿಂದ ಪರೀಕ್ಷೆಗಳೆಲ್ಲ ನೀರು ಹರಿಯುತ್ತಿರುವಾಗಲೇ ನಡೆಯಬೇಕು.

ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸುಮಾರು 10 ಮೀಟರ್ ಎತ್ತರದ ನೀರು 1 ಬಾರ್ ಒತ್ತಡವನ್ನು ಕೊಡುತ್ತದೆ. ನಲ್ಲಿಗಿಂತ 3 ಮೀಟರ್ ಮೇಲಿರುವ ಟ್ಯಾಂಕಿನಿಂದ ನೀರು ಇಳಿದು ಬರುತ್ತಿದ್ದರೆ ಆ ನಲ್ಲಿಗೆ ದಕ್ಕುವುದು 0.3 ಬಾರ್ ಮಾತ್ರ. ಬೀದಿಯ ಮುಖ್ಯ ಪೈಪಿನಿಂದ ನೇರವಾಗಿ 3 ಬಾರ್ ಒತ್ತಡದಲ್ಲಿ ನೀರು ಬರುವ ಮನೆಯಲ್ಲಿ ಯಾರ ಗಮನಕ್ಕೂ ಬಾರದಂಥ ಸಣ್ಣ ಅಡಚಣೆ, ಟ್ಯಾಂಕಿನ ನೀರನ್ನು ನೆಚ್ಚಿದ ಮನೆಯಲ್ಲಿ ಸ್ನಾನಕ್ಕೇ ಕುತ್ತು ತರುತ್ತದೆ. ಪೈಪಿನ ಒಳವ್ಯಾಸ ಅರ್ಧಕ್ಕಿಳಿದರೆ ಹರಿವೂ ಅರ್ಧವಾಗುತ್ತದೆಂದು ಭಾವಿಸುವುದೂ ತಪ್ಪು. ಅಷ್ಟೇ ಉದ್ದದ ಪೈಪಿನಲ್ಲಿ, ಅಷ್ಟೇ ಒತ್ತಡದ ವ್ಯತ್ಯಾಸದಲ್ಲಿ, ಅದು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಳಗೋಡೆಯ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ತುಕ್ಕು ಕಟ್ಟಿಕೊಂಡ ಅರ್ಧ ಅಂಗುಲದ ಪೈಪು ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ಕೆಲಸಕ್ಕೆ ಬಾರದಂತಾಗುವುದಕ್ಕೆ ಇದೇ ಕಾರಣ.

ಮೊದಲು ಅಳೆಯಿರಿ

ಅಳತೆ ಗೊತ್ತಿರುವ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು, ತಣ್ಣೀರನ್ನು ಮಾತ್ರ ಪೂರ್ತಿ ತೆರೆದು, ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ಲೀಟರ್‌ಗಳನ್ನು 60ರಿಂದ ಗುಣಿಸಿ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 10 ಲೀಟರ್ ಬಕೆಟ್ 100 ಸೆಕೆಂಡಿನಲ್ಲಿ ತುಂಬಿದರೆ ಹರಿವು ನಿಮಿಷಕ್ಕೆ 6 ಲೀಟರ್. ಬಕೆಟ್ ಹಿಡಿಸದ ವಾಷ್‌ಬೇಸಿನ್ನಿನಲ್ಲಿ 1 ಲೀಟರಿನ ಬಾಟಲಿ ಸಾಕು. ಮನೆಯ ಪ್ರತಿಯೊಂದು ನಲ್ಲಿಯಲ್ಲಿಯೂ ಹೀಗೆ ಅಳೆದು, ತಣ್ಣೀರು ಮತ್ತು ಬಿಸಿನೀರು ಎರಡನ್ನೂ ಬೇರೆ ಬೇರೆಯಾಗಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆಮೇಲೆ ಇನ್ನೊಂದು ನಲ್ಲಿಯನ್ನು ತೆರೆದಿಟ್ಟು ಅದೇ ಅಳತೆಯನ್ನು ಮತ್ತೆ ಮಾಡಿ. ಬೆಳಗಿನ ಗಡಿಬಿಡಿಯ ಹೊತ್ತಿನಲ್ಲೊಮ್ಮೆ, ತಡರಾತ್ರಿಯಲ್ಲೊಮ್ಮೆ ಅಳೆದರೆ ಸರಬರಾಜಿನಲ್ಲೇ ಏರುಪೇರಿದೆಯೇ ಎಂಬುದೂ ತಿಳಿಯುತ್ತದೆ. ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಮಾತ್ರ ಸೊರಗುವ ನೀರಿಗೆ ನಿಮ್ಮ ಮನೆಯೊಳಗೆ ಮದ್ದು ಹುಡುಕುವ ಮೊದಲು ನೆರೆಮನೆಯವರನ್ನು ವಿಚಾರಿಸುವುದು ಒಳ್ಳೆಯದು.

ವಾಷ್‌ಬೇಸಿನ್ನಿನ ಎಷ್ಟೋ ಹೊಸ ನಲ್ಲಿಗಳು ನೀರು ಉಳಿಸಲೆಂದೇ ನಿಮಿಷಕ್ಕೆ 6 ಲೀಟರ್ ಅಥವಾ ಅದಕ್ಕೂ ಕಡಿಮೆ ಹರಿವಿಗೆ ತಯಾರಾಗಿರುತ್ತವೆ. ಹಳೆಯ ನಲ್ಲಿಯ ರಭಸ ಹೊಸದರಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ದೋಷವಾಗುವುದಿಲ್ಲ. ಹಾಗಾಗಿ ಬೇರೆಯವರ ಮನೆಯ ಹರಿವಿನೊಡನೆ ಹೋಲಿಸುವುದಕ್ಕಿಂತ ನಿಮ್ಮದೇ ನಲ್ಲಿಗಳನ್ನು ಒಂದರೊಡನೊಂದು ಹೋಲಿಸುವುದು ಹೆಚ್ಚು ಉಪಯುಕ್ತ.

ಅಳೆಯುವಾಗ ಧಾರೆಯ ಸ್ವಭಾವವನ್ನೂ ಗಮನಿಸಿ. ನಲ್ಲಿ ತೆರೆದ ಕ್ಷಣ ರಭಸವಾಗಿ ಬಂದು ಒಂದೆರಡು ಸೆಕೆಂಡಿನಲ್ಲಿ ಸೊರಗಿದರೆ ಅಡಚಣೆ ನಲ್ಲಿಯಿಂದ ಹಿಂದೆ, ದೂರದಲ್ಲಿ ಎಲ್ಲೋ ಇದೆಯೆಂದು ಶಂಕಿಸಬಹುದು. ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಸಣ್ಣಗಿದ್ದರೆ ಅದು ನಲ್ಲಿಯ ಬಾಯಿಯಲ್ಲೋ ಅದರ ಪಕ್ಕದಲ್ಲೋ ಇರುವ ಸಾಧ್ಯತೆ ಹೆಚ್ಚು. ಬುಸುಬುಸು ಎಂದು ಉಗುಳುತ್ತಾ ಬಂದರೆ ಪೈಪಿನಲ್ಲಿ ಗಾಳಿಯಿದೆ. ಇವುಗಳಷ್ಟೇ ಮುಖ್ಯವಾದದ್ದು, ಇದು ಯಾವಾಗಿನಿಂದ ಹೀಗಿದೆ ಎಂಬ ಪ್ರಶ್ನೆ. ಒಂದೇ ದಿನದಲ್ಲಿ ಆದ ಬದಲಾವಣೆಗೆ ಕಸ, ಗಾಳಿ ಅಥವಾ ಕೆಟ್ಟ ವಾಲ್ವ್ ಕಾರಣವಾಗಿರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಕುಗ್ಗಿದ್ದರೆ ತುಕ್ಕು ಅಥವಾ ಸುಣ್ಣದ ಪದರ. ಪೈಪಿನ ರಿಪೇರಿ ಆದ ಮಾರನೆಯ ದಿನದಿಂದಲೇ ಶುರುವಾಗಿದ್ದರೆ, ರಿಪೇರಿಗೆಂದು ಮುಚ್ಚಿದ ವಾಲ್ವನ್ನು ಅರ್ಧಕ್ಕೇ ತೆರೆದು ಬಿಟ್ಟಿದ್ದಾರೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ.

ಹೋಲಿಕೆಯಿಂದ ಜಾಗವನ್ನು ಕಿರಿದುಗೊಳಿಸುವುದು

ಹಾಳೆಯಲ್ಲಿ ಬರೆದುಕೊಂಡ ಅಂಕಿಗಳು ಈಗ ಕೆಲಸಕ್ಕೆ ಬರುತ್ತವೆ. ಚೆನ್ನಾಗಿರುವ ನಲ್ಲಿ ಮತ್ತು ಸೊರಗಿದ ನಲ್ಲಿ ಯಾವ ಜಾಗದವರೆಗೆ ಒಂದೇ ಪೈಪನ್ನು ಹಂಚಿಕೊಳ್ಳುತ್ತವೆಯೋ ಅಲ್ಲಿಯವರೆಗಿನ ದಾರಿ ಶುದ್ಧವಾಗಿದೆ. ಅವೆರಡೂ ಬೇರೆಯಾದ ಮೇಲಿನ ಕವಲಿನಲ್ಲಿ ಮಾತ್ರ ಹುಡುಕಿದರೆ ಸಾಕು.

ಬಿಸಿನೀರು ಮತ್ತು ತಣ್ಣೀರು ಒಂದೇ ಬಾಯಿಯಿಂದ ಬರುವ ಮಿಕ್ಸರ್ ನಲ್ಲಿಯಲ್ಲಿ ಬಿಸಿನೀರು ರಭಸವಾಗಿ ಬಂದು ತಣ್ಣೀರು ಮಾತ್ರ ಸೊರಗಿದ್ದರೆ, ಬಾಯಿಯಲ್ಲಿರುವ ಜಾಲರಿಯನ್ನು ಬಿಚ್ಚಿ ತೊಳೆಯುವ ಶ್ರಮವೇ ಬೇಡ, ಏಕೆಂದರೆ ಎರಡೂ ಅದೇ ಜಾಲರಿಯ ಮೂಲಕ ಹಾದು ಬರುತ್ತವೆ. ಆಗ ಉಳಿಯುವುದು ತಣ್ಣೀರಿನ ಆಂಗಲ್ ವಾಲ್ವ್ (ನಲ್ಲಿಯ ಕೆಳಗೆ ಗೋಡೆಯಿಂದ ಹೊರಬರುವ ಪುಟ್ಟ ವಾಲ್ವ್), ಅದರಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ಮತ್ತು ಮಿಕ್ಸರಿನೊಳಗೆ ತಣ್ಣೀರು ಪ್ರವೇಶಿಸುವ ಭಾಗ. ಎರಡೂ ಸೊರಗಿದ್ದು ಉಳಿದ ನಲ್ಲಿಗಳು ಚೆನ್ನಾಗಿದ್ದರೆ ಜಾಲರಿಯನ್ನೇ ಮೊದಲು ನೋಡಬೇಕು. ಒಂದು ಸ್ನಾನದ ಕೋಣೆಯ ತಣ್ಣೀರಿನ ನಲ್ಲಿಗಳೆಲ್ಲ ಒಟ್ಟಿಗೆ ಸೊರಗಿದ್ದರೆ ಆ ಕೋಣೆಗೆ ಬರುವ ಕವಲಿನ ವಾಲ್ವ್ ಅಥವಾ ಪೈಪು ಶಂಕಾಸ್ಪದ.

ಮನೆಯುದ್ದಕ್ಕೂ ತಣ್ಣೀರು ಸೊರಗಿ, ಬಿಸಿನೀರು ಎಲ್ಲ ಕಡೆ ಚೆನ್ನಾಗಿ ಬರುತ್ತಿದ್ದರೆ ಒಂದು ಪ್ರಶ್ನೆಯನ್ನು ಬಗೆಹರಿಸಿಕೊಳ್ಳದೆ ಮುಂದೆ ಹೋಗಬಾರದು: ಗೀಸರ್‌ಗೆ ತಣ್ಣೀರು ಎಲ್ಲಿಂದ ಬರುತ್ತದೆ? ಮನೆಯ ತಣ್ಣೀರಿನ ಮುಖ್ಯ ಪೈಪಿನಿಂದಲೇ ಕವಲೊಡೆದು ಬರುತ್ತಿದ್ದರೆ ಆ ಕವಲಿನವರೆಗಿನ ಮೀಟರ್, ಮುಖ್ಯ ವಾಲ್ವ್, ಫಿಲ್ಟರ್ ಎಲ್ಲವೂ ಸರಿಯಾಗಿವೆಯೆಂದೇ ಅರ್ಥ. ಬಿಸಿನೀರೂ ಅವುಗಳ ಮೂಲಕವೇ ಬಂದಿರುತ್ತದೆ. ಆದರೆ ಟ್ಯಾಂಕಿನಿಂದ ಗೀಸರ್‌ಗೆಂದೇ ಪ್ರತ್ಯೇಕ ಪೈಪು ಇಳಿದಿದ್ದರೆ ಈ ತೀರ್ಮಾನ ನಿಲ್ಲುವುದಿಲ್ಲ. ತಣ್ಣೀರಿನ ಪೈಪು ಟ್ಯಾಂಕಿನ ಬುಡದಿಂದಲೇ ಅನುಮಾನಕ್ಕೆ ಒಳಗಾಗುತ್ತದೆ. ಪೈಪುಗಳ ಜಾಡನ್ನು ಕಣ್ಣಾರೆ ಅನುಸರಿಸಿ ಇದನ್ನು ಖಚಿತಪಡಿಸಿಕೊಳ್ಳಿ. ಬಿಸಿ ಮತ್ತು ತಣ್ಣೀರು ಎರಡೂ ಇಡೀ ಮನೆಯಲ್ಲಿ ಸೊರಗಿದ್ದರೆ ಹುಡುಕಾಟ ಮೀಟರ್, ಮುಖ್ಯ ವಾಲ್ವ್, ಟ್ಯಾಂಕು, ಪಂಪು ಅಥವಾ ಹೊರಗಿನ ಸರಬರಾಜಿನ ಕಡೆಗೆ ತಿರುಗುತ್ತದೆ.

ಒಂದೇ ನಲ್ಲಿಯ ತೊಂದರೆ

ಬಿಚ್ಚುವ ಕೆಲಸ ಶುರುವಾಗುವುದು ಇಲ್ಲಿಂದ. ನಲ್ಲಿಯ ಬಾಯಿಯ ಜಾಲರಿಯನ್ನು ಮೊದಲು ಕೈಯಿಂದ ತಿರುಗಿಸಿ ನೋಡಿ. ಬಾರದಿದ್ದರೆ ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಿ. ಜಾಲರಿಯಿಲ್ಲದೆ ನೀರು ಬಿಟ್ಟಾಗ ಹರಿವು ಗಣನೀಯವಾಗಿ ಹೆಚ್ಚಿದರೆ ಕಾರಣ ಸಿಕ್ಕಿದಂತೆಯೇ. ಆದರೂ ಅದನ್ನು ತೊಳೆದು ಹಾಕಿಬಿಡುವ ಮೊದಲು ಒಂದು ಬಿಳಿ ಬಟ್ಟೆಯ ಮೇಲೆ ಕೊಡವಿ, ಏನು ಬಿತ್ತೆಂದು ನೋಡಿ. ಅಲ್ಲಿ ಬೀಳುವ ಕಸ ಮೇಲಿನ ಪೈಪುಗಳ ಸ್ಥಿತಿಯನ್ನು ತಿಳಿಸುತ್ತದೆ. ಬೆರಳಲ್ಲಿ ಪುಡಿಯಾಗುವ ಬಿಳಿಯ ಚೂರುಗಳಾದರೆ ಗಡಸು ನೀರಿನ ಸುಣ್ಣ. ಕೆಂಗಂದು ಬಣ್ಣದ ಹಕ್ಕಳೆಗಳಾದರೆ ಕಬ್ಬಿಣದ ಪೈಪಿನ ತುಕ್ಕು. ಒತ್ತಿದರೆ ಬೆರಳಿಗೆ ಮಸಿ ಹತ್ತಿಸುವ ಮೆತ್ತನೆಯ ಕಪ್ಪು ಚೂರುಗಳಾದರೆ ಎಲ್ಲೋ ಒಂದು ವಾಷರ್ ಅಥವಾ ಕನೆಕ್ಷನ್ ಪೈಪಿನ ಒಳರಬ್ಬರು ಕರಗಿ ಉದುರುತ್ತಿದೆ. ಮರಳಾದರೆ ಟ್ಯಾಂಕಿನ ತಳದಲ್ಲಿ ಹೂಳು ಏರಿದೆ ಅಥವಾ ನೀರಿನ ಮೂಲದಿಂದಲೇ ಮರಳು ಬರುತ್ತಿದೆ. ಬಿಳಿಯ ಎಳೆಗಳು ಜೋಡಣೆಗೆ ಸುತ್ತಿದ ಟೆಫ್ಲಾನ್ ಟೇಪಿನವು. ಸುರುಳಿಯಾದ ಪ್ಲಾಸ್ಟಿಕ್ ಹೊಟ್ಟು ಪೈಪು ಕತ್ತರಿಸಿದಾಗ ಒಳಗೆ ಉಳಿದದ್ದು. ಸುಣ್ಣ ಕಟ್ಟಿದ ಜಾಲರಿಯನ್ನು ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ರಾತ್ರಿಯಿಡೀ ನೆನೆಹಾಕುವುದು ಬೇಡ, ಲೇಪನ ಹಾಳಾಗಬಹುದು.

ಜಾಲರಿ ತೆಗೆದರೂ ಹರಿವು ಹೆಚ್ಚದಿದ್ದರೆ ನಲ್ಲಿಯ ಕೆಳಗಿನ ಆಂಗಲ್ ವಾಲ್ವನ್ನು ಮುಚ್ಚಿ, ಕನೆಕ್ಷನ್ ಪೈಪಿನ ಮೇಲಿನ ತುದಿಯನ್ನು ನಲ್ಲಿಯಿಂದ ಬಿಡಿಸಿ, ಆ ತುದಿಯನ್ನು ಬಕೆಟ್ಟಿನೊಳಗೆ ಗಟ್ಟಿಯಾಗಿ ಹಿಡಿದು ವಾಲ್ವನ್ನು ನಿಧಾನವಾಗಿ ತೆರೆಯಿರಿ. ನೀರು ರಭಸವಾಗಿ ಬಂದರೆ ತೊಂದರೆ ನಲ್ಲಿಯೊಳಗಿದೆ. ಸೊರಗಿಯೇ ಬಂದರೆ ಕನೆಕ್ಷನ್ ಪೈಪನ್ನೂ ಬಿಚ್ಚಿ, ಅದರ ಒಂದು ತುದಿಯಿಂದ ಊದಿ ನೋಡಿ. ಹೊರಗೆ ಉಕ್ಕಿನ ಎಳೆಗಳ ಹೆಣಿಗೆ ಹೊಳೆಯುತ್ತಿದ್ದರೂ ಒಳಗಿನ ರಬ್ಬರ್ ಕೊಳವೆ ಉಬ್ಬಿಯೋ ಮಡಚಿಯೋ ಕಿಂಡಿಯನ್ನು ಮುಚ್ಚಿರಬಹುದು, ವಿಶೇಷವಾಗಿ ಇಕ್ಕಟ್ಟಾದ ಜಾಗದಲ್ಲಿ ಬಲವಂತವಾಗಿ ಬಗ್ಗಿಸಿ ಕೂರಿಸಿದ ಪೈಪುಗಳಲ್ಲಿ. ಇಂಥದನ್ನು ಸರಿಪಡಿಸಲು ಹೋಗದೆ ಬದಲಾಯಿಸುವುದೇ ಮೇಲು.

ಕನೆಕ್ಷನ್ ಪೈಪ್ ಸರಿಯಾಗಿದ್ದರೆ ಆಂಗಲ್ ವಾಲ್ವಿನ ಸರದಿ. ಹಲವು ಸುತ್ತು ತಿರುಗಿಸುವ ಹಳೆಯ ಬಗೆಯ ವಾಲ್ವುಗಳಲ್ಲಿ ರಬ್ಬರ್ ವಾಷರ್ ತಿರುಪಿನಿಂದ ಕಳಚಿಕೊಂಡು ಕೆಳಗಿನ ಪೀಠದ ಮೇಲೆಯೇ ಕುಳಿತುಬಿಡುವುದುಂಟು. ಹಿಡಿ ಪೂರ್ತಿ ತಿರುಗುತ್ತದೆ, ಆದರೆ ವಾಷರ್ ಮೇಲೇಳುವುದಿಲ್ಲ. ನೀರು ಅದರ ಅಂಚಿನಿಂದ ನುಸುಳಿ ಬರುತ್ತದೆ. ಕಾಲು ಸುತ್ತು ತಿರುಗುವ ಸೆರಾಮಿಕ್ ಬಿಲ್ಲೆಯ ವಾಲ್ವುಗಳಲ್ಲಿ ಬಿಲ್ಲೆಯ ಕಿಂಡಿಗೆ ಕಲ್ಲಿನ ಚೂರೋ ಟೇಪಿನ ಉಂಡೆಯೋ ಸಿಕ್ಕಿಕೊಂಡಿರುತ್ತದೆ.

ನಲ್ಲಿಯೊಳಗಿನ ಕಾರ್ಟ್ರಿಜ್ಜನ್ನು, ಅಂದರೆ ಹಿಡಿ ತಿರುಗಿಸಿದಂತೆ ನೀರನ್ನು ಬಿಡುವ ಮತ್ತು ತಡೆಯುವ ಒಳಭಾಗವನ್ನು, ಬಿಚ್ಚುವುದಾದರೆ ಬಿಸಿ ಮತ್ತು ತಣ್ಣೀರಿನ ಎರಡೂ ಆಂಗಲ್ ವಾಲ್ವುಗಳನ್ನು ಮುಚ್ಚಿರಬೇಕು. ತಣ್ಣೀರನ್ನಷ್ಟೇ ಮುಚ್ಚಿ ಬಿಚ್ಚಿದರೆ ಕುದಿಯುವಷ್ಟು ಬಿಸಿಯಾದ ನೀರು ಮುಖಕ್ಕೆ ಎರಚಬಹುದು. ಕಾರ್ಟ್ರಿಜ್ಜಿನ ತಳದಲ್ಲಿ ಎರಡು ಪ್ರವೇಶ ಕಿಂಡಿಗಳು ಕಾಣುತ್ತವೆ. ತಣ್ಣೀರಿನ ಕಿಂಡಿಯಲ್ಲಿ ಕಸವಿದ್ದರೆ ತೆಗೆದು, ಬಿಲ್ಲೆಗಳಿಗೆ ಗೀರು ಬೀಳದಂತೆ ತೊಳೆದು ಕೂರಿಸಿ. ಉಷ್ಣತೆಯನ್ನು ತಾನೇ ನಿಯಂತ್ರಿಸುವ ಥರ್ಮೋಸ್ಟಾಟಿಕ್ ಮಿಕ್ಸರುಗಳಲ್ಲಿ ಎರಡೂ ಬದಿಗೆ ಸಾಮಾನ್ಯವಾಗಿ ಪ್ರತ್ಯೇಕ ಜಾಲರಿ ಮತ್ತು ನೀರು ಹಿಂದಕ್ಕೆ ಹೋಗದಂತೆ ತಡೆಯುವ ಪುಟ್ಟ ವಾಲ್ವ್ ಇರುತ್ತದೆ. ಅಲ್ಲಿ ತಣ್ಣೀರಿನ ಬದಿ ಮಾತ್ರ ಕಟ್ಟಿಕೊಳ್ಳುವುದು ಅಪರೂಪವಲ್ಲ. ವಾಷಿಂಗ್ ಮಷಿನ್ನಿನ ನೀರಿನ ಪ್ರವೇಶದಲ್ಲಿಯೂ ಫ್ಲಶ್ ಟ್ಯಾಂಕಿನ ಎಷ್ಟೋ ಫ್ಲೋಟ್ ವಾಲ್ವುಗಳಲ್ಲಿಯೂ ಇಂಥದೇ ಜಾಲರಿ ಇರುತ್ತದೆ.

ವಾಲ್ವುಗಳನ್ನು ಪರೀಕ್ಷಿಸುವ ಬಗೆ

ಒಂದು ಕವಲು ಅಥವಾ ಇಡೀ ಮನೆ ಸೊರಗಿರುವಾಗ ನಾನು ಹೆಚ್ಚು ಅನುಮಾನಿಸುವುದು ವಾಲ್ವುಗಳನ್ನು. ಬಾಲ್ ವಾಲ್ವಿನ ಹಿಡಿ ಪೈಪಿಗೆ ಸಮಾನಾಂತರವಾಗಿದ್ದರೆ ಪೂರ್ತಿ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ, ನಡುವೆ ಎಲ್ಲಿದ್ದರೂ ಹರಿವನ್ನು ಕತ್ತರಿಸುತ್ತಿದೆ. ಇದು ಕಣ್ಣಿಗೆ ಕಾಣುವ ಸಂಗತಿ. ಗೇಟ್ ವಾಲ್ವ್ ಹಾಗಲ್ಲ. ಅದರ ಚಕ್ರಾಕಾರದ ಹಿಡಿಯನ್ನು ತಿರುಗಿಸಿದಾಗ ಒಳಗಿನ ಹಿತ್ತಾಳೆಯ ಫಲಕವು ತಿರುಪಿನ ಜೊತೆ ಮೇಲೇಳಬೇಕು. ವರ್ಷಗಳ ಬಳಕೆಯಿಂದ ಫಲಕವನ್ನು ಹಿಡಿದಿರುವ ಕೊಕ್ಕೆ ಸವೆದು ಮುರಿದರೆ ತಿರುಪು ಮಾತ್ರ ಮೇಲೆ ಬಂದು ಫಲಕ ನೀರಿನ ದಾರಿಯಲ್ಲೇ ಅರ್ಧ ಇಳಿದು ನಿಲ್ಲುತ್ತದೆ. ಕೆಟ್ಟ ಬೀಗದೊಳಗೆ ಕೀಲಿ ಸುತ್ತಿದಂತೆ ಹಿಡಿ ಸಲೀಸಾಗಿ ಸುತ್ತುತ್ತದೆ, ಒಳಗೆ ಏನೂ ಕದಲುವುದಿಲ್ಲ. ಹೊರಗಿನಿಂದ ನೋಡಿದವರು ವಾಲ್ವ್ ಪೂರ್ತಿ ತೆರೆದಿದೆ ಎಂದೇ ಪ್ರಮಾಣ ಮಾಡಿ ಹೇಳುತ್ತಾರೆ.

ಇದನ್ನು ಬಿಚ್ಚದೆಯೇ ಪರೀಕ್ಷಿಸುವ ಉಪಾಯವಿದೆ. ಆ ವಾಲ್ವಿನ ನಂತರದ ಒಂದು ನಲ್ಲಿಯನ್ನು ಪೂರ್ತಿ ತೆರೆದಿಟ್ಟು, ಒಬ್ಬರು ಧಾರೆಯನ್ನು ನೋಡುತ್ತಿರುವಾಗ ಇನ್ನೊಬ್ಬರು ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾ ಬರಬೇಕು. ಸರಿಯಾಗಿರುವ ವಾಲ್ವಿನಲ್ಲಿ ಮೊದಲ ಸುತ್ತುಗಳಲ್ಲಿ ಧಾರೆ ಹೆಚ್ಚೇನೂ ಬದಲಾಗದೆ, ಕೊನೆಯ ಒಂದೆರಡು ಸುತ್ತಿನಲ್ಲಿ ಥಟ್ಟನೆ ಕುಗ್ಗುತ್ತದೆ. ಮುಚ್ಚತೊಡಗಿದ ಕೂಡಲೇ ಧಾರೆ ಇಳಿದರೆ ಆ ವಾಲ್ವೇ ಮೊದಲಿನಿಂದ ಹರಿವನ್ನು ಹಿಡಿದಿಟ್ಟಿತ್ತೆಂದು ತಿಳಿಯಬಹುದು. ಹಿಡಿಯನ್ನು ಎಷ್ಟು ತಿರುಗಿಸಿದರೂ ಧಾರೆಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಫಲಕ ಕಳಚಿರುವ ಸಾಧ್ಯತೆ ಬಲವಾಗಿದೆ. ಆದರೆ ವರ್ಷಗಳಿಂದ ಮುಟ್ಟದ ಗೇಟ್ ವಾಲ್ವನ್ನು ತಿರುಗಿಸುವ ಮೊದಲು ಅದಕ್ಕಿಂತ ಹಿಂದೆ ನೀರು ನಿಲ್ಲಿಸಲು ಇನ್ನೊಂದು ವಾಲ್ವ್ ಇದೆಯೆಂದು, ಅದು ಕೆಲಸ ಮಾಡುತ್ತದೆಂದು ಖಚಿತಪಡಿಸಿಕೊಳ್ಳಿ. ಹಳೆಯ ವಾಲ್ವುಗಳು ಒಮ್ಮೆ ಕದಲಿದ ಮೇಲೆ ಹಿಡಿಯ ಬುಡದಲ್ಲಿ ಸೋರುವುದುಂಟು. ಅಲ್ಲಿನ ನಟ್ಟನ್ನು ಸ್ವಲ್ಪವೇ ಬಿಗಿಗೊಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಇಡೀ ಮನೆಗೆ ಒಂದೇ ಫಿಲ್ಟರ್ ಇದ್ದರೆ ನೀರನ್ನು ಅದರೊಳಗೆ ಹಾಯಿಸದೆ ನೇರವಾಗಿ ಮುಂದಕ್ಕೆ ಬಿಡುವ ಬೈಪಾಸ್ ವಾಲ್ವ್ ತೆರೆದು ಹರಿವನ್ನು ಮತ್ತೆ ಅಳೆಯಿರಿ. ವ್ಯತ್ಯಾಸ ದೊಡ್ಡದಾಗಿದ್ದರೆ ಒಳಗಿನ ಸೋಸುವ ಕಾರ್ಟ್ರಿಜ್ ಬದಲಾಯಿಸುವ ಕಾಲ ಬಂದಿದೆ. ನೀರನ್ನು ಮೃದುಗೊಳಿಸುವ ಯಂತ್ರಕ್ಕೂ ಇದೇ ಪರೀಕ್ಷೆ. ಒತ್ತಡ ತಗ್ಗಿಸುವ ವಾಲ್ವ್ ಇರುವ ಮನೆಗಳಲ್ಲಿ ಅದರೊಳಗಿನ ಜಾಲರಿ ಕಟ್ಟಿರಬಹುದು ಅಥವಾ ಅದರ ಒಳಭಾಗ ಸವೆದು ಸಿಕ್ಕಿಕೊಂಡಿರಬಹುದು. ಮೀಟರಿನ ಪ್ರವೇಶದಲ್ಲಿಯೂ ಜಾಲರಿ ಇರುವುದುಂಟು; ಮೀಟರನ್ನು ನೀವೇ ಬಿಚ್ಚಬೇಡಿ, ಅದು ನೀರು ಸರಬರಾಜು ಮಾಡುವವರ ಸ್ವತ್ತು. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ಟ್ಯಾಂಕುಗಳು ತುಂಬಿ ನಿಂತ ಮೇಲೂ ಮೀಟರಿನ ಮುಳ್ಳು ತಿರುಗುತ್ತಿದ್ದರೆ ಮೀಟರಿನ ಮುಂದೆ ಎಲ್ಲೋ ನೀರು ಸೋರುತ್ತಿದೆ. ನಲ್ಲಿಗೆ ಬರಬೇಕಾದದ್ದು ಮಣ್ಣಿಗೆ ಹೋಗುತ್ತಿದೆ.

ಟ್ಯಾಂಕು ಮತ್ತು ಗಾಳಿ

ಮೇಲಿನ ಟ್ಯಾಂಕಿನಿಂದ ನೀರು ಇಳಿದು ಬರುವ ಮನೆಗಳಲ್ಲಿ ಮೇಲ್ಮಹಡಿಯ ನಲ್ಲಿಗಳು ಮಾತ್ರ ಸೊರಗಿದ್ದರೆ ಬಹುಪಾಲು ಎತ್ತರದ ಕೊರತೆಯೇ ಕಾರಣ. ಟ್ಯಾಂಕನ್ನು ಎತ್ತರಿಸುವುದು, ಪೈಪನ್ನು ದಪ್ಪಗೊಳಿಸುವುದು ಅಥವಾ ಪಂಪು ಹಾಕುವುದು, ಇವುಗಳಲ್ಲೊಂದು ಬೇಕಾಗುತ್ತದೆ. ಮೊದಲು ಚೆನ್ನಾಗಿದ್ದು ಈಗ ಕೆಟ್ಟಿದ್ದರೆ ಟ್ಯಾಂಕಿನೊಳಗೆ ನೋಡಬೇಕು: ನೀರಿನ ಮಟ್ಟ ಎಷ್ಟಿದೆ, ಹೊರಹೋಗುವ ಕಿಂಡಿಯ ಸುತ್ತ ಹೂಳು ಏರಿದೆಯೇ, ಎಲೆಯೋ ಪ್ಲಾಸ್ಟಿಕ್ ಹಾಳೆಯೋ ಅದಕ್ಕೆ ಅಡ್ಡ ಕುಳಿತಿದೆಯೇ. ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿದ್ದು ಗಾಳಿಕೊಳವೆಯೂ ಕಟ್ಟಿಕೊಂಡಿದ್ದರೆ, ನೀರು ಇಳಿದಂತೆಲ್ಲ ಒಳಗೆ ನಿರ್ವಾತ ಉಂಟಾಗಿ ಹರಿವು ನಿಧಾನವಾಗಿ ಕುಗ್ಗುತ್ತದೆ. ಮುಚ್ಚಳ ತೆಗೆದೊಡನೆ ಧಾರೆ ಚೇತರಿಸಿಕೊಂಡರೆ ಇದೇ ಕಾರಣವೆಂದು ತಿಳಿಯಿರಿ.

ಟ್ಯಾಂಕು ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ತೊಂದರೆ ಶುರುವಾಗಿದ್ದರೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಸಮತಟ್ಟಾಗಿ ಹೋಗಬೇಕಾದ ಪೈಪು ನಡುವೆ ಎಲ್ಲಾದರೂ ಮೇಲೆದ್ದು ಮತ್ತೆ ಇಳಿದಿದ್ದರೆ ಆ ಉಬ್ಬಿನಲ್ಲಿ ಗಾಳಿ ನಿಲ್ಲುತ್ತದೆ. ಬೀದಿಯ ಪೈಪಿನ ಒತ್ತಡ ಅದನ್ನು ತಳ್ಳಿಬಿಡುತ್ತದೆ. ಟ್ಯಾಂಕಿನ ಅಲ್ಪ ಒತ್ತಡಕ್ಕೆ ಅದು ಸಾಧ್ಯವಾಗುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದು, ಬಳಿಕ ಮೇಲಿನವನ್ನು ಒಂದೊಂದಾಗಿ ತೆರೆದು ಕೆಲವು ನಿಮಿಷ ಹರಿಯಬಿಟ್ಟರೆ ಎಷ್ಟೋ ಸಲ ಗಾಳಿ ಹೊರಬೀಳುತ್ತದೆ. ಬಗ್ಗದಿದ್ದರೆ ಬೀದಿಯ ಒತ್ತಡವಿರುವ ನಲ್ಲಿಗೂ ಸೊರಗಿದ ನಲ್ಲಿಗೂ ನಡುವೆ ಹಿಂಹರಿವು ತಡೆಯುವ ವಾಲ್ವ್ ಇರುವ ಹೋಸ್ ಪೈಪನ್ನು ಜೋಡಿಸಿ, ಮೊದಲು ಸೊರಗಿದ ನಲ್ಲಿಯನ್ನು, ಅನಂತರ ಒತ್ತಡದ ನಲ್ಲಿಯನ್ನು ತೆರೆದು ಅರ್ಧ ನಿಮಿಷ ನೀರನ್ನು ಹಿಮ್ಮುಖವಾಗಿ ತಳ್ಳಬಹುದು. ಟ್ಯಾಂಕು ತುಂಬಿ ಚೆಲ್ಲದಂತೆ ಒಬ್ಬರು ಮೇಲೆ ನಿಂತು ನೋಡುತ್ತಿರಬೇಕು, ಕೆಲಸ ಮುಗಿದೊಡನೆ ಹೋಸ್ ಪೈಪನ್ನು ಕಳಚಬೇಕು. ಅದನ್ನು ಹಾಗೆಯೇ ಬಿಟ್ಟರೆ ಟ್ಯಾಂಕಿನ ನೀರು ಬೀದಿಯ ಕುಡಿಯುವ ನೀರಿನ ಪೈಪಿಗೆ ಹಿಂದಿರುಗುವ ಅಪಾಯವಿದೆ.

ಪ್ರೆಷರ್ ಗೇಜಿನ ಬಳಕೆ

ಇಷ್ಟಾದರೂ ಜಾಗ ಸಿಗದಿದ್ದರೆ ಒತ್ತಡ ಅಳೆಯುವ ಪ್ರೆಷರ್ ಗೇಜ್ ನೆರವಿಗೆ ಬರುತ್ತದೆ. ವಾಷಿಂಗ್ ಮಷಿನ್ನಿನ ಅಥವಾ ತೋಟದ ನಲ್ಲಿಯ ಥ್ರೆಡ್ಡಿಗೆ ಅದನ್ನು ಕೂರಿಸಿ ಎರಡು ಅಂಕಿಗಳನ್ನು ಓದಿ: ಎಲ್ಲ ನಲ್ಲಿಗಳನ್ನು ಮುಚ್ಚಿದಾಗಿನದು ಮತ್ತು ಅದೇ ಪೈಪಿನಲ್ಲಿ ಮುಂದಿರುವ ಒಂದು ನಲ್ಲಿಯನ್ನು ಪೂರ್ತಿ ತೆರೆದಾಗಿನದು. ನಿಂತಾಗ 3 ಬಾರ್ ಇದ್ದು ಹರಿಯುವಾಗ 2.7ಕ್ಕೆ ಇಳಿದರೆ ಗೇಜಿನ ಹಿಂದಿನ ದಾರಿ ಸರಿಯಾಗಿದೆ. 3ರಿಂದ 0.5ಕ್ಕೆ ಕುಸಿದರೆ ಅಡಚಣೆ ಗೇಜಿಗಿಂತ ಹಿಂದೆಯೇ ಇದೆ. ಒತ್ತಡ ಇಳಿಯದೆಯೇ ಧಾರೆ ಸೊರಗಿದ್ದರೆ ಅಡಚಣೆ ಗೇಜಿಗಿಂತ ಮುಂದಿದೆ. ನಿಂತಾಗಿನ ಅಂಕಿಯೇ ಕಡಿಮೆಯಿದ್ದರೆ ಸರಬರಾಜು, ಒತ್ತಡ ತಗ್ಗಿಸುವ ವಾಲ್ವ್, ಪಂಪು ಅಥವಾ ಟ್ಯಾಂಕಿನ ಎತ್ತರದ ಕಡೆಗೆ ಹೋಗಬೇಕು. ಹೀಗೆ ಗೇಜನ್ನು ಉಳಿದ ದಾರಿಯ ಮಧ್ಯದ ಒಂದು ಜಾಗಕ್ಕೆ ಸರಿಸುತ್ತಾ ಹೋದರೆ ಪ್ರತಿ ಸಲವೂ ಹುಡುಕಬೇಕಾದ ಉದ್ದ ಅರ್ಧಕ್ಕಿಳಿಯುತ್ತದೆ. ಟ್ಯಾಂಕಿನ ಮನೆಗಳಿಗೆ 1 ಬಾರ್‌ವರೆಗೆ ತೋರಿಸುವ ಗೇಜ್ ಬೇಕು. 10 ಬಾರಿನ ಗೇಜಿನಲ್ಲಿ 0.3 ಬಾರ್ ಎಂಬುದು ಮುಳ್ಳಿನ ದಪ್ಪದಲ್ಲೇ ಮರೆಯಾಗುತ್ತದೆ.

ಪ್ರೆಷರ್ ಪಂಪು ಈಗಾಗಲೇ ಇದ್ದರೆ ಅದರ ಪ್ರವೇಶದ ಜಾಲರಿಯನ್ನು ನೋಡಿ. ಪಂಪು ಕ್ಷಣಕ್ಷಣಕ್ಕೂ ಚಾಲೂ ಆಗಿ ನಿಲ್ಲುತ್ತಿದ್ದರೆ ಪಂಪಿಗೆ ಜೋಡಿಸಿದ, ಒಳಗೆ ಗಾಳಿ ತುಂಬಿದ ಪ್ರೆಷರ್ ಟ್ಯಾಂಕಿನ ಗಾಳಿ ಇಳಿದಿರಬಹುದು; ಹಾಗಿದ್ದರೆ ಪಂಪಿನ ವಿದ್ಯುತ್ ತೆಗೆದು, ನೀರನ್ನೆಲ್ಲ ಹೊರಬಿಟ್ಟು, ಗಾಳಿಯ ಒತ್ತಡವನ್ನು ಪಂಪು ಚಾಲೂ ಆಗುವ ಒತ್ತಡಕ್ಕಿಂತ ಸುಮಾರು 0.14 ಬಾರ್ ಕಡಿಮೆಗೆ ತರಬೇಕು. ಪಂಪು ಇಲ್ಲದ ಮನೆಯಲ್ಲಿ ಅಡಚಣೆಯನ್ನು ಹುಡುಕದೆ ಹೊಸದಾಗಿ ಪಂಪು ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಿಕೊಂಡ ಪೈಪು ಕಟ್ಟಿಕೊಂಡೇ ಉಳಿಯುತ್ತದೆ, ದುರ್ಬಲ ಜೋಡಣೆಗಳ ಮೇಲೆ ಭಾರ ಹೆಚ್ಚುತ್ತದೆ. ಬೀದಿಯ ಪೈಪಿನಿಂದ ನೇರವಾಗಿ ಎಳೆಯುವ ಪಂಪಂತೂ ಸೋರುವ ಜೋಡಣೆಗಳ ಮೂಲಕ ಹೊರಗಿನ ಕೊಳಕನ್ನು ಕುಡಿಯುವ ನೀರಿಗೆ ಸೆಳೆದುಕೊಳ್ಳಬಹುದು.

ಪೈಪೇ ಕಟ್ಟಿಕೊಂಡಿದ್ದರೆ

ಸತು ಲೇಪಿತ ಕಬ್ಬಿಣದ ಪೈಪುಗಳು, ಅಂದರೆ ಜಿಐ ಪೈಪುಗಳು, ದಶಕಗಳು ಕಳೆದಂತೆ ಒಳಗಿನಿಂದ ತುಕ್ಕು ಹಿಡಿದು ಗಂಟುಗಂಟಾಗಿ ಕಿರಿದಾಗುತ್ತವೆ. ಬೆಳಿಗ್ಗೆ ಮೊದಲು ಬರುವ ನೀರು ಕಂದು ಬಣ್ಣಕ್ಕಿದ್ದು ಆಮೇಲೆ ತಿಳಿಯಾಗುವುದು ಇದರ ಸಾಮಾನ್ಯ ಲಕ್ಷಣ. ತಿರುವು ಮತ್ತು ಕವಲುಗಳ ಬಳಿ ಕಟ್ಟುವಿಕೆ ಹೆಚ್ಚಾಗಿರುವುದರಿಂದ ಕೈಗೆಟಕುವ ಒಂದು ಎಲ್ಬೋ (ತಿರುವಿನ ಜೋಡಣೆ) ಅಥವಾ ಯೂನಿಯನ್ (ಬಿಚ್ಚಬಹುದಾದ ಜೋಡಣೆ) ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಸಂದೇಹ ಬಗೆಹರಿಯುತ್ತದೆ. ಸುತ್ತಿಗೆಯಿಂದ ತಟ್ಟುವುದರಿಂದಾಗಲಿ ಆಮ್ಲ ಸುರಿಯುವುದರಿಂದಾಗಲಿ ಇದು ವಾಸಿಯಾಗುವುದಿಲ್ಲ. ಉದುರಿದ ಹಕ್ಕಳೆಗಳು ಮುಂದಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ, ತೆಳುವಾದ ಗೋಡೆ ತೂತು ಬೀಳುತ್ತದೆ. ಆ ಭಾಗವನ್ನು ಬದಲಾಯಿಸುವುದೊಂದೇ ದಾರಿ, ಮತ್ತು ಗೇಜಿನಿಂದ ಜಾಗ ಗೊತ್ತಾಗಿದ್ದರೆ ಅತಿ ಕೆಟ್ಟ ತುಂಡಿನಿಂದಲೇ ಕೆಲಸ ಶುರುಮಾಡಬಹುದು.

ಪ್ಲಾಸ್ಟಿಕ್ ಪೈಪುಗಳಿಗೆ ತುಕ್ಕಿಲ್ಲವಾದರೂ ಅವು ದೋಷಮುಕ್ತವೇನಲ್ಲ. ಸಿಪಿವಿಸಿ ಜೋಡಣೆಯಲ್ಲಿ ಅತಿಯಾಗಿ ಹಚ್ಚಿದ ಸಾಲ್ವೆಂಟ್ ಅಂಟು ಒಳಗೆ ಗಡ್ಡೆ ಕಟ್ಟಬಹುದು. ಪಿಪಿಆರ್ ಪೈಪನ್ನು ಅತಿಯಾಗಿ ಕಾಯಿಸಿ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಬಳೆಯಾಗಿ ಉಬ್ಬಿ ಕಿಂಡಿಯನ್ನು ಕಿರಿದಾಗಿಸುತ್ತದೆ. ಇಂಥ ತೊಂದರೆ ಪೈಪು ಹಾಕಿದ ದಿನದಿಂದಲೇ ಇರುತ್ತದೆ. ಹಿಮ ಬೀಳುವಂಥ ಚಳಿಯ ಜಾಗಗಳಲ್ಲಿ ತಣ್ಣೀರು ಒಂದು ಬೆಳಿಗ್ಗೆ ಏಕಾಏಕಿ ನಿಂತರೆ ಪೈಪಿನೊಳಗೆ ಹೆಪ್ಪುಗಟ್ಟಿದೆಯೆಂದು ಭಾವಿಸಿ, ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಬಿಸಿಗಾಳಿಯಿಂದ ಕಾಯಿಸುತ್ತಾ ಹೋಗಬೇಕು. ಬೆಂಕಿಯನ್ನು ಎಂದಿಗೂ ಬಳಸಬಾರದು.

ನೀರನ್ನು ಮತ್ತೆ ಬಿಡುವಾಗ

ಯಾವ ರಿಪೇರಿಗೂ ಮುಖ್ಯ ವಾಲ್ವ್ ಮುಚ್ಚುವ ಮೊದಲು ಗೀಸರಿನ ಸ್ವಿಚ್ ತೆಗೆದಿರಬೇಕು, ಅದು ತುಂಬಿದೆಯೆಂದು ಖಚಿತವಾದ ಮೇಲೆಯೇ ಮತ್ತೆ ಹಾಕಬೇಕು. ನೀರು ನಿಂತು ಮತ್ತೆ ನುಗ್ಗಿದಾಗ ಪೈಪಿನ ಗೋಡೆಗೆ ಅಂಟಿದ್ದ ಕಸವೆಲ್ಲ ಎದ್ದು ಜಾಲರಿಗಳಿಗೆ ಬಂದು ಬಡಿಯುತ್ತದೆ. ಒಂದು ಕಡೆ ಸರಿಪಡಿಸಿದ ದಿನವೇ ಇನ್ನೊಂದು ನಲ್ಲಿ ಸೊರಗುವುದು ಹೀಗೆಯೇ. ಆದ್ದರಿಂದ ಎಲ್ಲ ನಲ್ಲಿಗಳ ಜಾಲರಿಗಳನ್ನೂ ಶವರ್ ತಲೆಯನ್ನೂ ಮೊದಲೇ ಬಿಚ್ಚಿಟ್ಟು, ಮೂಲಕ್ಕೆ ಹತ್ತಿರದ ನಲ್ಲಿಯನ್ನು ತೆರೆದು, ಮುಖ್ಯ ವಾಲ್ವನ್ನು ನಿಧಾನವಾಗಿ ತೆರೆಯಿರಿ. ನೀರು ತಿಳಿಯಾದ ಮೇಲೆ ಮುಂದಿನ ನಲ್ಲಿಗೆ ಹೋಗಿ, ಕೊನೆಯದರವರೆಗೂ ಹೀಗೆಯೇ ಮಾಡಿ, ಬಳಿಕ ಜಾಲರಿಗಳನ್ನು ಕೂರಿಸಿ. ಬಿಚ್ಚಿ ಜೋಡಿಸಿದ ಪ್ರತಿಯೊಂದು ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಕೆಳಗೆ ಒಣ ಕಾಗದವನ್ನು ಹಾಸಿಡಿ. ಮಾರನೆಯ ಬೆಳಿಗ್ಗೆ ಅದರ ಮೇಲೆ ತೇವದ ಕಲೆ ಕಂಡರೆ ಆ ಜೋಡಣೆಯನ್ನು ಬಿಚ್ಚಿ ವಾಷರ್ ಸರಿಯಾಗಿ ಕುಳಿತಿದೆಯೇ ಎಂದು ನೋಡಬೇಕು, ನಟ್ಟನ್ನೇ ಬಲವಾಗಿ ಬಿಗಿದರೆ ಥ್ರೆಡ್ ಹಾಳಾಗುತ್ತದೆ.